ಪ್ರಕೃತಿಯ ಲೆಕ್ಕಕ್ಕೆ ಗಣಕದ ಹೆಜ್ಜೆ: ಸಂಖ್ಯಾತ್ಮಕ ವಿಧಾನದ ಪರಿಚಯ

ಗ್ರಹಗಳ ಚಲನೆ, ರಾಸಾಯನಿಕ ಕ್ರಿಯೆಯ ವೇಗ, ಜೀವಿಗಳ ಸಂಖ್ಯೆಯ ಏರಿಳಿತ ಇವೆಲ್ಲವನ್ನೂ ವಿಜ್ಞಾನಿಗಳು ಅವಕಲ ಸಮೀಕರಣಗಳ ರೂಪದಲ್ಲಿ ಬರೆಯುತ್ತಾರೆ. ಒಂದು ಪರಿಮಾಣವು ಯಾವ ದರದಲ್ಲಿ ಬದಲಾಗುತ್ತಿದೆ ಎಂಬುದನ್ನು ಇವು ತಿಳಿಸುತ್ತವೆ. ಆದರೆ ಇಂತಹ ಬಹುಪಾಲು ಸಮೀಕರಣಗಳಿಗೆ ಸೂತ್ರರೂಪದ ಉತ್ತರ ದೊರೆಯುವುದಿಲ್ಲ. ಆಗ ನೆರವಿಗೆ ಬರುವುದೇ ಸಂಖ್ಯಾತ್ಮಕ ವಿಧಾನ.

ಆಯ್ಲರ್ ವಿಧಾನ

ಈ ಪೈಕಿ ಅತ್ಯಂತ ಸರಳವಾದುದನ್ನು ಸ್ವಿಟ್ಜರ್ಲೆಂಡ್ ಮೂಲದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1768ರಲ್ಲಿ ಪ್ರಕಟಿಸಿದರು. ಕಾಲವನ್ನು ಸಣ್ಣ ಹೆಜ್ಜೆಗಳಾಗಿ ವಿಭಾಗಿಸಿ, ಪ್ರತಿ ಹೆಜ್ಜೆಯುದ್ದಕ್ಕೂ ಬದಲಾವಣೆಯ ದರ ಸ್ಥಿರವೆಂದು ಭಾವಿಸಿ ಮುಂದಿನ ಬೆಲೆಯನ್ನು ಕಂಡುಹಿಡಿಯುವುದೇ ಇದರ ತಿರುಳು.

80 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಚಹಾ 30 ಡಿಗ್ರಿಯ ಕೋಣೆಯಲ್ಲಿದೆ ಎಂದಿಟ್ಟುಕೊಂಡರೆ, ನ್ಯೂಟನ್ ನಿಯಮದಂತೆ ಅದು ತಣಿಯುವ ದರ ಎರಡರ ಉಷ್ಣತೆಯ ಅಂತರವನ್ನು ಅವಲಂಬಿಸಿರುತ್ತದೆ. ಈ ದರ ನಿಮಿಷಕ್ಕೆ ಅಂತರದ ಹತ್ತನೆಯ ಒಂದು ಭಾಗವಾಗಿದ್ದಲ್ಲಿ, ಒಂದು ನಿಮಿಷದ ಹೆಜ್ಜೆಯಿಂದ ಉಷ್ಣತೆ ಕ್ರಮವಾಗಿ 75, 70.5 ಡಿಗ್ರಿ ಎಂದು ಇಳಿದು ಹತ್ತನೆಯ ನಿಮಿಷಕ್ಕೆ 47.43 ಆಗುತ್ತದೆ. ಸೂತ್ರ ನೀಡುವ ನಿಖರ ಉತ್ತರ 48.39. ಅರ್ಧ ನಿಮಿಷದ ಹೆಜ್ಜೆಯಿಟ್ಟರೆ 47.92; ಅಂದರೆ ಹೆಜ್ಜೆ ಅರ್ಧವಾದಾಗ ದೋಷವೂ ಸುಮಾರು ಅರ್ಧವಾಗುತ್ತದೆ. ಒಮ್ಮೆಲೇ 20 ನಿಮಿಷದ ಹೆಜ್ಜೆಯಿಟ್ಟರೆ ಮಾತ್ರ ಚಹಾ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕಿಳಿದಿದೆ ಎಂಬ ಅಸಂಬದ್ಧ ಉತ್ತರ ಬರುತ್ತದೆ! ಗಣಕವು ಇದನ್ನು ತಪ್ಪೆಂದು ಎಚ್ಚರಿಸುವುದಿಲ್ಲ.

ಜರ್ಮನಿಯ ಕಾರ್ಲ್ ರುಂಗೆ (1895) ಮತ್ತು ವಿಲ್ಹೆಲ್ಮ್ ಕುಟ್ಟಾ (1901) ರೂಪಿಸಿದ ವಿಧಾನ ಹೆಚ್ಚು ನಿಖರ. ಅದರ ಪ್ರಚಲಿತ ರೂಪದಲ್ಲಿ ಹೆಜ್ಜೆಯನ್ನು ಅರ್ಧಕ್ಕಿಳಿಸಿದರೆ ದೋಷ ಸುಮಾರು 16ನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ದಶಾಂಶದ ಪಾಠ

ಹೆಜ್ಜೆ ಸಣ್ಣದಾದ ಮಾತ್ರಕ್ಕೆ ಸಮಸ್ಯೆ ಮುಗಿಯದು. ಗಣಕವು ಸಂಖ್ಯೆಗಳನ್ನು ಕೆಲವೇ ಅಂಕಿಗಳಿಗೆ ಮೊಟಕುಗೊಳಿಸುತ್ತದೆ. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲಾರೆಂಜ್ ತಮ್ಮ ಗಣಕ ಮಾದರಿಯನ್ನು ನಡುವಿನಿಂದ ಪುನರಾರಂಭಿಸುವಾಗ 0.506127ರ ಬದಲು ಮುದ್ರಿತ ಹಾಳೆಯಲ್ಲಿದ್ದ 0.506 ಎಂಬ ಅಂಕಿಯನ್ನು ನೀಡಿದರು. ಮೊದಲಿಗೆ ಹಳೆಯ ಫಲಿತಾಂಶದಂತೆಯೇ ಸಾಗಿದ ಹವಾಮಾನ ಕ್ರಮೇಣ ಸಂಪೂರ್ಣ ಬೇರೆಯಾಯಿತು. ಅವರ 1963ರ ಪ್ರಬಂಧ ಅವ್ಯವಸ್ಥೆಯ ಸಿದ್ಧಾಂತಕ್ಕೆ ತಳಹದಿಯಾಯಿತು.

ಈ ಅರಿವಿನ ಫಲವಾಗಿ 1992ರ ಡಿಸೆಂಬರ್‌ನಲ್ಲಿ ಯುರೋಪ್ ಹಾಗೂ ಅಮೆರಿಕದ ಮುನ್ಸೂಚನಾ ಕೇಂದ್ರಗಳು, ಆರಂಭದ ಅಂಕಿಗಳನ್ನು ತುಸು ತುಸು ಬದಲಿಸಿ ಹಲವು ಮುನ್ನೋಟಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಪದ್ಧತಿಯನ್ನು ಜಾರಿಗೆ ತಂದವು. ಉತ್ತರಗಳು ಒಂದಕ್ಕೊಂದು ಹತ್ತಿರವಿದ್ದರೆ ಮುನ್ಸೂಚನೆಯ ಮೇಲೆ ಭರವಸೆ ಹೆಚ್ಚು; ಚದುರಿದ್ದರೆ ಕಡಿಮೆ. ಆರಂಭಿಕ ವಿದ್ಯಾರ್ಥಿಗಳಿಗೂ ಇದೇ ನಿಯಮ ಅನ್ವಯ: ಹೆಜ್ಜೆಯನ್ನು ಅರ್ಧಕ್ಕಿಳಿಸಿ ಮತ್ತೊಮ್ಮೆ ಲೆಕ್ಕ ಮಾಡದೆ ಗಣಕದ ಉತ್ತರವನ್ನು ನಂಬುವಂತಿಲ್ಲ.