ಕಟ್ಟಿಗೆಯಲ್ಲಿ ಕೂತ ಕಬ್ಬಿಣ

ಗೋಕಾಕ, ಮೂಡಲಗಿ ದಾಟಿ ಮೂಡಣಕ್ಕೆ ನಡೆದರೆ ಮುಧೋಳ ಸೀಮೆ, ಅಲ್ಲಿಯ ಊರು ಹಲಗಲಿ. 1857ರ ನವೆಂಬರಿನಲ್ಲಿ ಬಂದೂಕು ಒಪ್ಪಿಸಲಾರೆವೆಂದು ಅಲ್ಲಿಯ ಬೇಡರು ಎದ್ದು ನಿಂತರು. ಇಂಗ್ಲಿಷರ ದಂಡು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಜನರನ್ನೂ ಹಲಗಲಿಯಲ್ಲಿ 6 ಜನರನ್ನೂ ಗಲ್ಲಿಗೇರಿಸಿದರು. ಈ ದಂಗೆ ಮಾನದ ಪ್ರಶ್ನೆ, ಹೊಟ್ಟೆಪಾಡಿನ ಪ್ರಶ್ನೆ ಎಂದು ವಿವರಿಸುವುದು ವಾಡಿಕೆ. ಎರಡೂ ನಿಜವೇ. ಆದರೆ ಇದಕ್ಕೆಲ್ಲ ಮೂಲವಾದ ಆ ವರ್ಷದ 28ನೆಯ ಕಾಯಿದೆಯ, ಅಂದರೆ ನಿಶ್ಶಸ್ತ್ರೀಕರಣದ ಕಾಯಿದೆಯ, ಹೆಸರನ್ನು ಪೂರ್ತಿ ಓದಬೇಕು. ಆಯುಧ ಇಟ್ಟುಕೊಳ್ಳುವ ಹಕ್ಕಿನ ಮಾತು ಅದರಲ್ಲಿ ಕೊನೆಗೆ ಬರುತ್ತದೆ. ಮೊದಲು ಬರುವುದು ಆಮದು, ತಯಾರಿಕೆ, ಮಾರಾಟ. ಈ ಸೀಮೆಯ ನಾಡಬಂದೂಕು ಮಾಯವಾಗಲು ಜಪ್ತಿ ಎಷ್ಟು ಕಾರಣವೋ, ಕೈಕಸುಬಿಗೆ ಬಿದ್ದ ಈ ಬೀಗವೂ ಅಷ್ಟೇ ಕಾರಣ ಎಂಬುದು ನನ್ನ ವಾದ.

ಬಂದೂಕು ಎಂದೊಡನೆ ನಮ್ಮ ಕಣ್ಣು ಕಬ್ಬಿಣದ ಕಡೆಗೆ ಹೋಗುತ್ತದೆ. ಗುರಿ ಕೂಡುವುದು ಮಾತ್ರ ಕಟ್ಟಿಗೆಯಿಂದ. ಗುಂಡು ಹಾರಿದಾಗ ನಳಿಗೆ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಕಟ್ಟಿಗೆ ಎಲ್ಲ ಕಡೆ ಸಮನಾಗಿ ತಾಳಿಕೊಳ್ಳಬೇಕು; ಒಂದೇ ಕಡೆ ತಾಗಿದರೆ ಕಟ್ಟಿಗೆ ಸೀಳುತ್ತದೆ, ಗುರಿ ತಪ್ಪುತ್ತದೆ. ಅದಕ್ಕೇ ಈ ಕಸುಬಿನವರು ಕಬ್ಬಿಣಕ್ಕೆ ದೀಪದ ಮಸಿ ಬಳಿದು, ಕಟ್ಟಿಗೆಯ ತೋಡಿನಲ್ಲಿ ಕೂಡಿಸಿ ಮೆಲ್ಲಗೆ ಎತ್ತುತ್ತಾರೆ. ಎಲ್ಲಿ ಕಪ್ಪು ಹತ್ತಿತೋ ಅಲ್ಲಷ್ಟೇ ಉಳಿ ಆಡಿಸಿ ಕಾಗದದಷ್ಟು ತೆಳ್ಳಗೆ ಹೆರೆಯುತ್ತಾರೆ. ಮತ್ತೆ ಮಸಿ, ಮತ್ತೆ ಉಳಿ. ತೋಡಿನ ತುಂಬ ಕಪ್ಪು ಒಂದೇ ಸಮ ಹರಡಿದಾಗ ಕೆಲಸ ಮುಗಿಯಿತು, ಅದೂ ಸದ್ಯಕ್ಕೆ. ಕಟ್ಟಿಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹುಕ್ಕೇರಿಯ ಪಡುವಣ ಸೆರಗಿನ ತೇವಕ್ಕೂ ಮೂಡಲಗಿಯ ಎರೆನೆಲದ ಬಿಸಿಲಿಗೂ ಒಂದೇ ಕಟ್ಟಿಗೆ ಒಂದೇ ರೀತಿ ನಿಲ್ಲುವುದಿಲ್ಲ. ಹಳೆಯ ಬತ್ತಿ ಬಂದೂಕಿನಲ್ಲಿ ನಳಿಗೆಯನ್ನು ಲೋಹದ ಬಳೆಯಿಂದಲೋ ತೊಗಲಿನ ಪಟ್ಟಿಯಿಂದಲೋ ಬಿಗಿಯುತ್ತಿದ್ದರು. ಅದೂ ಸಡಿಲಾಗುತ್ತಲೇ ಇರುತ್ತದೆ. ಅಂದರೆ ಬಂದೂಕು ಒಮ್ಮೆ ಕೊಂಡು ಮರೆತುಬಿಡುವ ವಸ್ತುವಲ್ಲ. ಕೈಯಳತೆಯಲ್ಲಿ ಒಬ್ಬ ಕಸುಬುದಾರ ಇದ್ದರೆ ಮಾತ್ರ ಅದು ಬಾಳುತ್ತದೆ.

ಗೋಕಾಕದಲ್ಲಿ ಅಂಥ ಕಸುಬಿತ್ತೆ ಎಂದು ಕೇಳಬಹುದು. ಇಂಗ್ಲಿಷರ ಗೆಜೆಟಿಯರು ಆ ಊರನ್ನು ಹೊಗಳುವುದು ಹಗುರ ಕಟ್ಟಿಗೆಯ, ಮಣ್ಣಿನ ಗೊಂಬೆಗಳಿಗಾಗಿ, ಬಂದೂಕಿಗಲ್ಲ. ಪ್ರಶ್ನೆ ಸರಿಯಾದದ್ದೇ. ಆದರೆ ಬೆಳಗಾವಿಯ ಗೆಜೆಟಿಯರು ಅಚ್ಚಾದದ್ದು 1884ರಲ್ಲಿ, ಕಾಯಿದೆ ಬಂದು 27 ವರ್ಷದ ಮೇಲೆ. ಮೇಲಾಗಿ ದುರಸ್ತಿಯ ಕೆಲಸಕ್ಕೆ ಪೇಟೆ ಬೇಕಿಲ್ಲ, ಬೇರೆ ಜಾತಿಯೂ ಬೇಕಿಲ್ಲ. ರಂಟಿಗೆ ಕುಡ ಕೂಡಿಸುವ, ಗಾಲಿಗೆ ಕಾಯ್ದ ಹಳಿ ಏರಿಸಿ ನೀರು ಸುರಿಯುವ ಬಡಿಗೇರ, ಕಂಬಾರರಿಗೆ ಕಬ್ಬಿಣ ಮತ್ತು ಕಟ್ಟಿಗೆಯ ಜಗಳ ದಿನದ ಪಾಠ. ಬಂದೂಕು ತಯಾರಿಸಲು ಪರವಾನಗಿ ಬೇಕೆಂದಾಗ ಇಂಥ ಕೈಗಳು ಹಿಂದೆ ಸರಿಯುವುದು ಸಹಜ. ಹತ್ತಿರದಲ್ಲೇ 19 ಹೆಣಗಳು ತೂಗಿದ ಮೇಲೆ ನಳಿಗೆ ಹಿಡಿದು ಬಂದವನಿಗೆ ಯಾರು ತಾನೇ ಉಳಿ ಎತ್ತಿಯಾರು?

ಹೊಸ ತೋಟಾ ಬಂದೂಕುಗಳು ಬಂದು ಹಳೆಯವು ಹೇಗೂ ಹೋಗುತ್ತಿದ್ದವು ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರ ಕೊಡಗಿನಲ್ಲಿದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಬಿಟ್ಟ. ಅಲ್ಲಿಯೂ ಹಳೆಯ ಕೋವಿ ಹೋಗಿ ಹೊಸದು ಬಂತು; ಆದರೆ ಕೋವಿ ಮನೆಯಲ್ಲೇ ಉಳಿಯಿತು. ಇಂದಿಗೂ ಕೈಲ್ ಪೊಳ್ದ್ ಹಬ್ಬದಲ್ಲಿ ಅದನ್ನು ಒರೆಸಿ, ಹೂ ಏರಿಸಿ ಪೂಜೆಗಿಡುತ್ತಾರೆ. ಗಂಡುಮಗು ಹುಟ್ಟಿದರೆ ಗುಂಡು ಹಾರಿಸುತ್ತಾರೆ. ಕಾಲ ಎರಡು ಕಡೆಯೂ ಒಂದೇ ಆಗಿತ್ತು, ಕಾಯಿದೆ ಮಾತ್ರ ಬೇರೆ. ಘಟಪ್ರಭೆಯ ದಂಡೆಯ ಈ ಸೀಮೆಯಲ್ಲಿ ಬಂದೂಕು ಉಳಿದದ್ದು ಲಾವಣಿಯಲ್ಲಿ. ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ ಲಾವಣಿಗಳಲ್ಲಿ ಹಲಗಲಿ ಬೇಡರದೂ ಒಂದು.