ಶಾಲಾ ಮನಃಶಾಸ್ತ್ರಜ್ಞರು: ತರಬೇತಿ, ಮಾನ್ಯತೆ ಮತ್ತು ಹಕ್ಕೊತ್ತಾಯ

ಮಹಾನಗರದ ಶಾಲೆಗಳಲ್ಲಿ ‘ಕೌನ್ಸೆಲರ್’ ಎಂಬ ಫಲಕವಿರುವ ಕೊಠಡಿ ಈಗ ಅಪರೂಪವಲ್ಲ. ಒಳಗೆ ಕುಳಿತವರ ವಿದ್ಯಾರ್ಹತೆ ಏನು, ಅವರಿಗೆ ಮಾನ್ಯತೆ ನೀಡುವವರು ಯಾರು ಎಂದು ವಿಚಾರಿಸುವ ಪೋಷಕರು ಮಾತ್ರ ವಿರಳ. ಪಾಠ ತಲೆಗೆ ಹತ್ತದ ಮಗುವನ್ನು ಕಾಡುತ್ತಿರುವುದು ಕಲಿಕೆಯ ನ್ಯೂನತೆಯೋ, ಭಯವೋ, ಮನೆಯ ಕಲಹದ ನೆರಳೋ ಎಂದು ಕಂಡುಕೊಳ್ಳುವುದು, ಶಿಕ್ಷಕರಿಗೂ ಹೆತ್ತವರಿಗೂ ದಾರಿ ತೋರುವುದು, ಅಗತ್ಯವಿದ್ದಲ್ಲಿ ವೈದ್ಯರ ಬಳಿಗೆ ಕಳುಹಿಸುವುದು ಶಾಲಾ ಮನಃಶಾಸ್ತ್ರಜ್ಞರ ಕೆಲಸ.

ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ಮಹತ್ವದ ತೀರ್ಪು ನೀಡಿತು. ಅದರನ್ವಯ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಹೊಂದಿದ ಒಬ್ಬರಾದರೂ ಆಪ್ತಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ನೇಮಿಸಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ ಎರಡು ಬಾರಿ ತರಬೇತಿ ಕೊಡಿಸಬೇಕು. ಸೂಕ್ತ ಕಾನೂನು ಬರುವವರೆಗೆ ಈ ಮಾರ್ಗಸೂಚಿ ಜಾರಿಯಲ್ಲಿರುತ್ತದೆ.

ಹುದ್ದೆಯೇನೋ ಕಡ್ಡಾಯವಾಯಿತು, ಆದರೆ ವೃತ್ತಿಗೆ ಸ್ವಂತ ನೆಲೆ ದೊರೆತಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯಿದೆಯಡಿ ನೋಂದಣಿ ಪಡೆಯುವವರು ಚಿಕಿತ್ಸಾ ಹಾಗೂ ಪುನರ್ವಸತಿ ಮನಃಶಾಸ್ತ್ರಜ್ಞರು. 2021ರಲ್ಲಿ ಬಂದ ಸಹಾಯಕ ಆರೋಗ್ಯ ವೃತ್ತಿಗಳ ಕಾಯಿದೆಯು ಉಳಿದ ಮನಃಶಾಸ್ತ್ರಜ್ಞರನ್ನು ತನ್ನ ಪಟ್ಟಿಗೆ ಸೇರಿಸಿತಾದರೂ ಶಾಲೆಯಲ್ಲಿ ದುಡಿಯುವವರನ್ನು ಪ್ರತ್ಯೇಕವಾಗಿ ಹೆಸರಿಸಲಿಲ್ಲ. ನಮ್ಮ ಬ್ಯಾಂಕಿಂಗ್ ರಂಗದಲ್ಲಿ ಗುಮಾಸ್ತರಿಗೂ ಜೆಎಐಐಬಿ, ಸಿಎಐಐಬಿ ಎಂಬ ಪರೀಕ್ಷೆಗಳಿವೆ. ಮಕ್ಕಳ ಮನಸ್ಸನ್ನು ನೋಡಿಕೊಳ್ಳುವವರಿಗೆ ಅಂತಹ ಮೆಟ್ಟಿಲುಗಳಿಲ್ಲದಿರುವುದು ಸೋಜಿಗವೇ ಸರಿ.

ತರಬೇತಿಯ ಅವಕಾಶಗಳು ಇಲ್ಲವೆಂದಲ್ಲ. ಎನ್‌ಸಿಇಆರ್‌ಟಿ ನಡೆಸುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ಒಂದು ವರ್ಷದ್ದು. ಅದರಲ್ಲಿ ದೂರಶಿಕ್ಷಣ, ತರಗತಿ, ಕ್ಷೇತ್ರಾನುಭವ ಮೂರೂ ಸೇರಿವೆ. ಸೇವೆಯಲ್ಲಿರುವ ಶಿಕ್ಷಕರಿಗೂ ಪ್ರವೇಶವುಂಟು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ಇದರ ಕೇಂದ್ರಗಳಲ್ಲೊಂದು ಎಂಬುದನ್ನು ನಮ್ಮ ಶಿಕ್ಷಕ ಬಂಧುಗಳು ಗಮನಿಸಬೇಕು.

ವೃತ್ತಿ ಬೆಳೆಯುವ ಬಗೆಯನ್ನು ಅಮೆರಿಕದಲ್ಲಿ ಕಾಣಬಹುದು. ಅಲ್ಲಿನ ಶಾಲಾ ಮನಃಶಾಸ್ತ್ರಜ್ಞರ ರಾಷ್ಟ್ರೀಯ ಸಂಘ ಸ್ಥಾಪನೆಯಾದದ್ದು 1969ರಲ್ಲಿ. ಅದು ನೀಡುವ ರಾಷ್ಟ್ರೀಯ ಪ್ರಮಾಣಪತ್ರವನ್ನು ನವೀಕರಿಸಲು ಮೂರು ವರ್ಷಗಳಲ್ಲಿ 75 ಗಂಟೆಗಳ ಮುಂದುವರಿದ ಕಲಿಕೆ ಪೂರೈಸಬೇಕು. 500 ವಿದ್ಯಾರ್ಥಿಗಳಿಗೆ ಒಬ್ಬರಿರಬೇಕೆಂಬುದು ಸಂಘದ ಶಿಫಾರಸು. ಅದಕ್ಕಾಗಿ ಸದಸ್ಯರು ಶಾಸಕರ ಬಳಿ ಅಹವಾಲು ಒಯ್ಯುತ್ತಾರೆ.

ಕನ್ನಡಿಗರಾದ ನಮಗೆ ಇಲ್ಲಿ ಇನ್ನೊಂದು ಕಾಳಜಿಯುಂಟು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷ್. ಹೀಗೆ ಬೆಳೆಯುವ ಮಗುವನ್ನು ಒಂದೇ ಭಾಷೆಯಲ್ಲಿ ಪರೀಕ್ಷಿಸಿದರೆ ಭಾಷೆಯ ಅಪರಿಚಯವನ್ನೇ ಬುದ್ಧಿಯ ಕೊರತೆಯೆಂದು ಬಗೆಯುವ ಅಪಾಯವಿದೆ. ಇದನ್ನು ನಮ್ಮ ಹಿರಿಯರು ಬಹು ಹಿಂದೆಯೇ ಅರಿತಿದ್ದರು. ವಿ. ವಿ. ಕಾಮತರು 1930ರ ದಶಕದಲ್ಲಿಯೇ ಬಿನೆ ಬುದ್ಧಿಮಾಪನ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ ದೇಶದಾದ್ಯಂತ ಬಳಕೆಗೆ ಬಂದಿತು. ಆದರೆ ಅದರ ಮಾನದಂಡಗಳು ಹಳೆಯ ತಲೆಮಾರಿನವು. ಇಂತಹ ಮಿತಿಗಳನ್ನು ಬಲ್ಲ, ಹೊಸ ಸಾಧನಗಳಲ್ಲಿ ಪಳಗಿದ ತಜ್ಞರೇ ಅಂಕಿಗಳನ್ನು ಸರಿಯಾಗಿ ಓದಬಲ್ಲರು.

ಪೋಷಕ-ಶಿಕ್ಷಕರ ಸಭೆಯಲ್ಲಿ ಶುಲ್ಕ, ಬಸ್ಸುಗಳ ಚರ್ಚೆಯೊಡನೆ ಇದನ್ನೂ ಕೇಳಬಹುದು. ಆಪ್ತಸಮಾಲೋಚಕರ ಅರ್ಹತೆಯೇನು? ವಾರದಲ್ಲಿ ಎಷ್ಟು ದಿನ ಲಭ್ಯ? ರಜೆಯಲ್ಲಿರುವ ಶಿಕ್ಷಕರ ತರಗತಿಗೆ ಅವರನ್ನೇ ಕಳುಹಿಸಲಾಗುತ್ತಿದೆಯೇ? ತರಬೇತಿಗೆ ತೆರಳಲು ರಜೆ, ವೆಚ್ಚ ಕೊಡುವಿರಾ? ಆಡಳಿತ ಮಂಡಳಿಯ ಮುಂದೆ ಅವರೊಬ್ಬರೇ ಹೇಳಿಕೊಳ್ಳಲಾಗದ ಮಾತುಗಳಿವು. ಮಗುವಿನ ಮನೆಮಾತು ಕನ್ನಡವೆಂಬುದನ್ನು ಪರೀಕ್ಷೆಗೆ ಮೊದಲೇ ತಿಳಿಸತಕ್ಕದ್ದು.

ಶಾಲೆಯಲ್ಲಿ ಯಾರೂ ಇಲ್ಲದಿದ್ದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿಯಿದೆ; ಸಂಖ್ಯೆ 14416. ಕನ್ನಡದಲ್ಲಿಯೂ ಮಾತನಾಡಬಹುದು.