ಶ್ವಾಸಲಕ್ಷಣ ಮತ್ತು ಸಲ್ಲೇಖನೆಯ ನಿರ್ಣಯ

ಕುಮುದ್ವತೀ ತೀರದ ರಟ್ಟೀಹಳ್ಳಿ, ಹಾನಗಲ್ಲು, ಶಿಗ್ಗಾಂವಿಗಳನ್ನೊಳಗೊಂಡ ಪ್ರದೇಶಕ್ಕೆ ಜೈನ ಇತಿಹಾಸದಲ್ಲಿ ವಿಶಿಷ್ಟ ಸ್ಥಾನವಿದೆ. ಗಂಗ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವನ್ನಾಚರಿಸಿ ಮುಡಿಪಿದುದು ಇಲ್ಲಿಯ ಬಂಕಾಪುರದಲ್ಲಿ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವಸ್ತಂಭದ ಶಾಸನವು ಇದನ್ನು ತಿಳಿಸುತ್ತದೆ.

ಸಲ್ಲೇಖನೆಗೆ ಸಮಂತಭದ್ರರು ವಿಧಿಸಿದ ನಿಮಿತ್ತಗಳಲ್ಲಿ ಪ್ರತೀಕಾರವಿಲ್ಲದ ರೋಗವೂ ಒಂದು. ರೋಗವು ಪ್ರತೀಕಾರವಿಲ್ಲದುದೆಂದು ನಿಶ್ಚಯಿಸುವುದು ಹೇಗೆ? ಭಸ್ಮಕರೋಗಪೀಡಿತರಾದ ಸಮಂತಭದ್ರರೇ ಸಲ್ಲೇಖನೆಯನ್ನು ಬೇಡಿದಾಗ ಗುರುಗಳು ಅನುಮತಿಸಲಿಲ್ಲ, ಆ ರೋಗವು ಬಳಿಕ ಶಮನವಾಯಿತು ಎಂಬ ಪರಂಪರಾಗತ ಕಥೆ ಈ ಪ್ರಶ್ನೆಯ ಗಾಂಭೀರ್ಯವನ್ನು ತೋರುತ್ತದೆ.

ಶ್ವಾಸೋಚ್ಛ್ವಾಸವು ದಶಪ್ರಾಣಗಳಲ್ಲೊಂದು. ಆರೋಗ್ಯವಂತನೂ ನಿರಾಲಸನೂ ಆದವನ ಉಚ್ಛ್ವಾಸಗಳು ಒಂದು ಮುಹೂರ್ತಕ್ಕೆ 3773 ಎಂಬುದು ಆಗಮಗಣಿತ: ಏಳು ಉಚ್ಛ್ವಾಸಕ್ಕೆ ಒಂದು ಸ್ತೋಕ, ಏಳು ಸ್ತೋಕಕ್ಕೆ ಒಂದು ಲವ, 77 ಲವಕ್ಕೆ ಒಂದು ಮುಹೂರ್ತ. ಮುಹೂರ್ತವು 48 ನಿಮಿಷವಾದುದರಿಂದ ನಿಮಿಷಕ್ಕೆ ಸುಮಾರು 79 ಆಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನ ಉಸಿರಾದರೋ ನಿಮಿಷಕ್ಕೆ 12ರಿಂದ 20 ಮಾತ್ರ. ಆದಕಾರಣ ಈ ಸಂಖ್ಯೆಯು ನಾಡಿಯ ಬಡಿತಕ್ಕೆ ಹೊಂದುತ್ತದೆ. ಕಾಲಮಾನದ ಈ ಉಚ್ಛ್ವಾಸವನ್ನು ರೋಗಪರೀಕ್ಷೆಯ ಅಳತೆಯೆಂದು ತಿಳಿಯಲಾಗದು.

ರೋಗಪರೀಕ್ಷೆಗೆ ವೈದ್ಯಗ್ರಂಥಗಳನ್ನೇ ನೋಡಬೇಕು. ಅಮೋಘವರ್ಷನ ಕಾಲದ ಉಗ್ರಾದಿತ್ಯನ 'ಕಲ್ಯಾಣಕಾರಕ'ವು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಗಿದ್ದು, ಮರಣಸೂಚಕ ಚಿಹ್ನೆಗಳಿಗಾಗಿ ಪ್ರತ್ಯೇಕ ರಿಷ್ಟಾಧ್ಯಾಯವನ್ನು ಹೊಂದಿದೆ. ಆಯುರ್ವೇದ ಪರಂಪರೆಯು ಶ್ವಾಸರೋಗವನ್ನು ಐದಾಗಿ ವಿಂಗಡಿಸುತ್ತದೆ. ಆಯಾಸದಿಂದ ಹುಟ್ಟಿ ವಿಶ್ರಾಂತಿಯಿಂದ ಅಡಗುವುದು ಕ್ಷುದ್ರಶ್ವಾಸ. ಘುರ್ಘುರಧ್ವನಿಯೊಡನೆ ಬಂದು, ಮಲಗಿದರೆ ಹೆಚ್ಚಿ, ಕುಳಿತರೆ ತಗ್ಗುವುದು ತಮಕ. ತಡೆತಡೆದು ಬರುವುದು ಛಿನ್ನ. ದೂರಕ್ಕೆ ಕೇಳುವಂತೆ ಗಟ್ಟಿಯಾಗಿ ಬರುವುದು ಮಹಾಶ್ವಾಸ. ದೀರ್ಘವಾಗಿ ಹೊರಹೋಗಿ ಒಳಗೆ ಸೇರದಿರುವುದು ಊರ್ಧ್ವಶ್ವಾಸ. ಮೊದಲನೆಯದು ಸಾಧ್ಯ, ತಮಕವು ಹೊಸದಾದರೆ ಸಾಧ್ಯ, ಹಳೆಯದಾದರೆ ಯಾಪ್ಯ, ಉಳಿದ ಮೂರು ಅಸಾಧ್ಯ.

ತಮಕದ ಭಯಂಕರ ರೂಪವನ್ನು ಕಂಡು ಅಂತ್ಯಕಾಲವೆಂದು ಭಾವಿಸುವುದು ಸುಲಭ. ಶಾಸ್ತ್ರವು ಅದನ್ನು ಬೇರ್ಪಡಿಸಿದುದರ ಮಹತ್ವ ಇಲ್ಲಿದೆ. 'ಅಸಾಧ್ಯ'ವೆಂಬ ಮಾತು ಕೂಡ ಆಯಾ ಕಾಲದ ಚಿಕಿತ್ಸೆಗೆ ಸಾಪೇಕ್ಷವಾದುದು. ಮಹಾಶ್ವಾಸವನ್ನು ಹೋಲುವ ಆಳವಾದ ಉಸಿರನ್ನು ಮಧುಮೇಹಿಗಳಲ್ಲಿ ಕುಸ್‌ಮೌಲ್ ಎಂಬ ಜರ್ಮನ್ ವೈದ್ಯನು 1874ರಲ್ಲಿ ವರ್ಣಿಸಿದಾಗ ಅದು ಮರಣಸೂಚಕವೇ ಆಗಿತ್ತು. 1922ರಲ್ಲಿ ಇನ್ಸುಲಿನ್ ಬಳಕೆಗೆ ಬಂದ ಮೇಲೆ ಅಂತಹ ರೋಗಿಗಳು ಬದುಕತೊಡಗಿದರು.

ಆದುದರಿಂದ ಹಸ್ತಪ್ರತಿಯ ರಿಷ್ಟಲಕ್ಷಣವೊಂದನ್ನೇ ನೆಚ್ಚಿ ಇಂದು ವ್ರತನಿರ್ಣಯ ಮಾಡುವುದು ಆ ಗ್ರಂಥಗಳ ಆಶಯಕ್ಕೇ ವಿರುದ್ಧವಾಗುತ್ತದೆ. ಪ್ರತೀಕಾರವಿದೆಯೇ ಎಂದು ಮೊದಲು ವಿಚಾರಿಸುವುದೇ ಸಮಂತಭದ್ರರ ನಿಯಮದ ಸಾರವೆನ್ನಬೇಕು.